ಹಲ್ಲಪ್ಪನ ಅಂಟು ಟೈರುಗಳು

ಹಲ್ಲಿನ ಸೆಟ್ಟು ಕಟ್ಟಿ ಬದುಕುವವನಾದ್ದರಿಂದ ಊರೆಲ್ಲ ಅವನನ್ನು ಹಲ್ಲಪ್ಪ ಎನ್ನುತ್ತಿತ್ತು. ವಾರವಿಡೀ ಕಂಡವರ ಬಾಯಿಗೆ ಹಲ್ಲು ಹೊಂದಿಸುವ ಈ ಸಾಧುಪ್ರಾಣಿಗೆ ಭಾನುವಾರ ಬಂತೆಂದರೆ ಬೇರೆಯದೇ ಹುಚ್ಚು. ಮುಚ್ಚಿದ ಕಾರ್ಖಾನೆಯೊಂದರ ಅಂಗಳದಲ್ಲಿ ಪ್ಲಾಸ್ಟಿಕ್ ಕೋನುಗಳನ್ನಿಟ್ಟು, ಅವುಗಳ ನಡುವೆ ಒಬ್ಬೊಬ್ಬರಾಗಿ ಕಾರು ಓಡಿಸಿ ಸೆಕೆಂಡು ಎಣಿಸುವ ಹವ್ಯಾಸಿಗಳ ಗುಂಪೊಂದಿತ್ತು. ಅದರಲ್ಲಿ ಹಲ್ಲಪ್ಪನ ಸ್ಥಾನ ಖಾಯಂ: ಕೊನೆಯದು.

ಆದರೆ ಟೈರುಗಳ ಆರೈಕೆಯಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಬೆರಳಿಟ್ಟರೆ ಅಂಟುವಷ್ಟು ಮೆತ್ತನೆಯ ರಬ್ಬರು ಅದು. ಅದಕ್ಕೆ ಬಿಸಿಲಾಗದು, ಚಳಿಯಾಗದು, ಫ್ರಿಜ್ಜಿನ ಮೋಟಾರು ಪಕ್ಕದಲ್ಲಿದ್ದರೂ ಗಡಸಾಗುತ್ತದಂತೆ. ಹಾಗಾಗಿ ಫ್ರಿಜ್ಜು ವರಾಂಡಕ್ಕೆ ಹೋಯಿತು, ಟೈರುಗಳು ಕಪ್ಪು ಚೀಲ ಹೊದ್ದು ಮಲಗುವ ಕೋಣೆಗೆ ಬಂದವು. ಚಳಿ ಜಾಸ್ತಿಯಾದ ದಿನ ತನ್ನ ಕಂಬಳಿಯನ್ನೂ ಅವಕ್ಕೇ ಹೊದಿಸಿ, ತಾನು ಟವೆಲು ಹೊದ್ದು ಮಲಗುತ್ತಿದ್ದ. ಓಟ ಮುಗಿದೊಡನೆ, ಬಿಸಿ ಆರುವ ಮುಂಚೆ, ಮೆತ್ತಿಕೊಂಡ ಹರಳುಗಳನ್ನು ಅಕ್ಕಿಯಲ್ಲಿ ಕಲ್ಲು ಆರಿಸುವಂತೆ ಆರಿಸುತ್ತಿದ್ದ. ರಸ್ತೆಯಲ್ಲಿ ಸವೆಯಬಾರದೆಂದು ಹೋಗುವಾಗ ಬರುವಾಗ ಕಾರಿಗೆ ಬೇರೆ ಟೈರು. ಇವು ಸೀಟಿನ ಮೇಲೆ ಬೆಲ್ಟು ಕಟ್ಟಿಕೊಂಡು ಕೂರುತ್ತಿದ್ದವು. ಹೆತ್ತವರಿಗೆ ಹೆಗ್ಗಣ ಮುದ್ದು, ಬಿಡಿ.

ಹನ್ನೆರಡು ವರ್ಷ ಸಹಿಸಿದ ಹೆಂಡತಿ ಕೊನೆಗೊಂದು ದಿನ ಗೆರೆ ಎಳೆದಳು.

"ರೀ, ಈ ಭಾನುವಾರವೂ ಕೊನೆಗೇ ಬಂದ್ರೆ ಆ ನಾಲ್ಕೂ ಮನೆಯಿಂದಾಚೆ. ಅಲ್ಲಿಗೆ ನಿಮ್ಮ ಆಟವೂ ಮುಗೀತು."

ಹಲ್ಲಪ್ಪನಿಗೆ ಊಟ ಸೇರಲಿಲ್ಲ. ಆ ಆಟವೂ ಹೋದರೆ ಬದುಕಿನಲ್ಲಿ ಅವನಿಗೆ ಉಳಿಯುವುದು ಬರೀ ಪರರ ಹಲ್ಲು.

ಭಾನುವಾರ ಹೆಂಡತಿಯೂ, ಮನೆಗೆ ಬಂದಿದ್ದ ಅತ್ತೆಯೂ ಟೈರುಗಳ ನಡುವೆ ಒತ್ತರಿಸಿಕೊಂಡು ಕೂತು ಅಂಗಳಕ್ಕೆ ಬಂದರು. ಹಲ್ಲಪ್ಪ ಚೀಲ ಬಿಚ್ಚಿದ. ಟೈರುಗಳು ಮಿರಮಿರ ಮಿಂಚುತ್ತಿದ್ದವು.

"ನಿನ್ನೆ ನೀವು ಕೆಲಸಕ್ಕೆ ಹೋದಾಗ ನಾನೇ ಎಣ್ಣೆ ಹಚ್ಚಿ ತಿಕ್ಕಿದೆ ಅಳಿಯಂದ್ರೇ," ಎಂದು ಅತ್ತೆ ಬೀಗಿದರು. "ಪಾಪ, ಎಷ್ಟು ಒಣಗಿ ಹೋಗಿದ್ವು!"

ಹಿಡಿತಕ್ಕೆಂದೇ ಹುಟ್ಟಿದ ಟೈರಿಗೆ ಎಣ್ಣೆ! ಹಲ್ಲಪ್ಪನಿಗೆ ಬಾಯಲ್ಲಿ ಬಿಸಿ ತುಪ್ಪ ಇಟ್ಟಂತಾಯಿತು, ನುಂಗಲಾರ, ಉಗುಳಲಾರ. ಆದರೂ ಆ ಮುಖದ ಸಂಭ್ರಮ ನೋಡಿ, "ತುಂಬಾ ಚೆನ್ನಾಗಿದೆ ಅತ್ತೆ," ಎಂದ. ಅವನ್ನು ಕಾರಿಗೆ ಹಾಕಿ, ಅತ್ತೆಗೆ ಕಾಣದಂತೆ ಮರೆಯಲ್ಲಿ ಕೂತು ಸೋಪುನೀರು, ಬ್ರಷ್ಷು ಹಿಡಿದು ಒಂದು ಟೈರು ಉಜ್ಜುವಷ್ಟರಲ್ಲಿ ಅವನ ಸರದಿ ಕೂಗಿದರು.

ಮೊದಲ ತಿರುವಿನಲ್ಲೇ ಕಾರು ಬುಗುರಿಯಾಯಿತು. ಹದಿನೇಳು ಕೋನುಗಳು ಉರುಳಿದವು, ಹದಿನೆಂಟನೆಯದು ಕಾರಿನಡಿ ಸಿಕ್ಕಿಕೊಂಡು ಅಂಗಳವಿಡೀ ಮೆರವಣಿಗೆ ಹೊರಟಿತು. ಅತ್ತೆ ಎದ್ದು ನಿಂತು ಚಪ್ಪಾಳೆ ತಟ್ಟಿದರು.

"ಒಂದನ್ನೂ ಬಿಡಲಿಲ್ಲ ನೋಡೇ!"

ಮತ್ತೆ ಕೊನೆಯ ಸ್ಥಾನ. ಅತ್ತೆ ನೀರು ಕುಡಿಯಲು ಹೋದಾಗ ಹೆಂಡತಿ ಅವನ ಬಳಿ ಬಂದಳು.

"ಯಾಕ್ರೀ ಹೀಗಾಯ್ತು?"

"ನನ್ನ ಕೈಯೇ ಸರಿಯಿಲ್ಲ. ಮಾತು ಅಂದ್ರೆ ಮಾತು, ಇವನ್ನ ಇವತ್ತೇ ಯಾರಿಗಾದ್ರೂ ಕೊಟ್ಬಿಡ್ತೀನಿ." ಅವನು ಬ್ರಷ್ಷನ್ನು ಸೋಪುನೀರಿಗೆ ಅದ್ದಿದ. "ಅತ್ತೆಗೆ ಮಾತ್ರ ಎಣ್ಣೆಯಿಂದ ಹೀಗಾಯ್ತು ಅನ್ಬೇಡ. ನೊಂದ್ಕೋತಾರೆ."

ಹೆಂಡತಿ ಅವನ ಕೈಯಿಂದ ಬ್ರಷ್ಷು ಕಿತ್ತುಕೊಂಡು, ಟೈರಿನ ಮುಂದೆ ಕುಕ್ಕರಗಾಲಲ್ಲಿ ಕೂತು ಉಜ್ಜತೊಡಗಿದಳು.

"ಮನೇಲೇ ಇರ್ಲಿ ಇವು. ಮುಂದಿನ ವಾರ ಓಡ್ಸಿ," ಎಂದಳು, ತಲೆಯೆತ್ತದೆ. "ಎಣ್ಣೆ ಡಬ್ಬ ಬೇಕಂತಲೇ ಅಮ್ಮನ ಕೈಗೆ ಕೊಟ್ಟವಳು ನಾನು."