ನಾಲ್ಕನೆಯ ಬೋಲ್ಟು

ದುರ್ಗದಬೈಲಿನ ಹಿಂದಿನ ಓಣಿಯ ನೀಲಕಂಠಪ್ಪ ಜೀವಮಾನದಲ್ಲಿ ಗಟ್ಟಿಯಾಗಿ ನಿಲ್ಲಿಸಿದ್ದು ಒಂದೇ ಒಂದು ವಸ್ತು. ಈಗ ಅದನ್ನೇ ಕೀಳಬೇಕಾಗಿತ್ತು. ಮನೆಯ ಮುಂದಿನ ಕೋಣೆಯ ಕಾಂಕ್ರೀಟು ನೆಲದಲ್ಲಿ ಗೇಣುದ್ದದ ಕಬ್ಬಿಣದ ಬೋಲ್ಟೊಂದು ಸೆಟೆದು ನಿಂತಿತ್ತು. ಅವನ ಹಿಟ್ಟಿನ ಗಿರಣಿ ಮುಚ್ಚಿತ್ತು, ಎಣ್ಣೆ ಇಂಜಿನ್ನು ನವಲಗುಂದದವರ ಪಾಲಾಗಿತ್ತು. ಇಂಜಿನ್ನನ್ನು ನೆಲಕ್ಕೆ ಬಿಗಿದಿದ್ದ ಬೇರೆ ಮೂರು ಬೋಲ್ಟುಗಳು ಕೈಯಲ್ಲಿ ಎಳೆದರೇ ಬಂದಿದ್ದವು. ಇದು ಮಾತ್ರ ಜಪ್ಪಯ್ಯ ಎಂದರೂ ಅಲುಗಲಿಲ್ಲ.

“ಗಿರಣಿ ಓಡಿಹೋತು, ಕಟ್ಟಿಹಾಕಿದ್ದ ಗೂಟ ಉಳೀತು” ಎಂದು ಅವನು ತಾನೇ ಹೇಳಿ ತಾನೇ ನಗುತ್ತಿದ್ದ.

ಆದರೆ ಅಂದು ನಗುವ ಹೊತ್ತಲ್ಲ. ಹೆಂಡತಿ ಚನ್ನಬಸವ್ವ ಆ ಕೋಣೆಯಲ್ಲಿ ಖಾನಾವಳಿ ತೆರೆಯುವವಳಿದ್ದಳು. ಶಿರಗುಪ್ಪಿಯಿಂದ ಹತ್ತಿ ತರುವ ಬಂಡಿಯವರಿಗೆ ಅಂದೇ ಮಧ್ಯಾಹ್ನ ಊಟ ಹಾಕುವುದಾಗಿ ಮಾತು ಕೊಟ್ಟಿದ್ದಳು. ಬೋಲ್ಟು ಇದ್ದದ್ದು ಸರಿಯಾಗಿ ಪಂಕ್ತಿಯ ನಡುವೆ. ಮೊದಲ ದಿನವೇ ಯಾರಾದರೂ ಎಡವಿ ಬಿದ್ದರೆ ಎರಡನೆಯ ದಿನ ಯಾರು ಬಂದಾರು? ಗಿರಣಿ ಹೋದ ಮೇಲೆ ಆ ಮನೆಗೆ ಉಳಿದಿದ್ದ ದಾರಿ ಇದೊಂದೇ.

ನೆಲದ ಮಟ್ಟಕ್ಕೆ ಕತ್ತರಿಸಿದ್ದರೆ ಸಾಕಿತ್ತು. ನೀಲಕಂಠಪ್ಪನಿಗೂ ಅದು ಗೊತ್ತಿತ್ತು. ಆದರೆ ಬುಡಸಮೇತ ಕೀಳುತ್ತೇನೆಂದು ಓಣಿಗೆಲ್ಲ ಸಾರಿಬಿಟ್ಟಿದ್ದ. ಬುಡಕ್ಕೆ ಚಿಮಣಿ ಎಣ್ಣೆ ಬಿಟ್ಟು ಕಾದ. ಪಾನಾ ಹಾಕಿ, ಅದರ ಹಿಡಿಗೆ ಪೈಪು ತೊಡಿಸಿ ತಿರುವಿದ. ಪಾನಾ ಜಾರಿತು, ಅವನು ಗೋಡೆಗೆ ಹೋಗಿ ಬಡಿದ. ಚಾಣ ಹಿಡಿದು ಸುತ್ತಲೂ ಕೆತ್ತಲು ಕೂತರೆ ಕಾಂಕ್ರೀಟಿನ ಚಕ್ಕೆ ಹಾರಿ ಅವನ ಹಣೆಗೇ ಬಿತ್ತು. ಬೋಲ್ಟಿಗಿಂತ ಮೊದಲು ತನ್ನ ಸೊಂಟವೇ ಕಿತ್ತು ಬರುತ್ತದೆಂದು ಅವನಿಗೆ ಖಾತ್ರಿಯಾಯಿತು.

ಎದುರುಮನೆಯ ದಾವಲಬಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. “ಉಳಿದ ಮೂರೂ ಲಗೂ ಬಂದ್ವಲ್ರಿ ಕಾಕಾ. ಇದಕ್ಕೇನು ಮಾಡಿದ್ರಿ?”

ನೀಲಕಂಠಪ್ಪ ಬೆವರು ಒರೆಸಿ ಮೀಸೆಯ ಮೇಲೆ ಕೈಯಾಡಿಸಿದ. “ನಾಕಕ್ಕೂ ಒಂದ ಪಾಕ ಹಾಕೇನವ್ವಾ. ನಮ್ಮಜ್ಜ ಮಠದ ಗ್ವಾಡಿ ಕಟ್ಟುವಾಗ ಗಚ್ಚಿಗೆ ಬೆಲ್ಲದ ನೀರು ಹಾಕಿದ್ದ. ಇವತ್ತಿಗೂ ಒಂದು ಬಿರುಕಿಲ್ಲ. ಸುಣ್ಣಕ್ಕ ಆದ ಬೆಲ್ಲ ಸಿಮೆಂಟಿಗೆ ಯಾಕ ಆಗಬಾರದು ಅಂತ ನಾನೂ ಕೊಡಗಟ್ಟಲೆ ಸುರುವಿದೆ.”

“ನಾಕಕ್ಕಲ್ರಿ, ಮೂರಕ್ಕ” ಎಂದಳು ಚನ್ನಬಸವ್ವ, ಒಳಗೆ ರೊಟ್ಟಿ ಬಡಿಯುತ್ತಲೇ. “ಪಂಚಮಿ ಉಂಡಿಗೆ ಇರಲಿ ಅಂತ ಉಳಿದ ಬೆಲ್ಲಾ ನಾ ಮುಚ್ಚಿಟ್ಟಿದ್ದೆ. ಇದಕ್ಕ ನೀವು ಬೈಕೋತ ಬರೇ ನೀರು ಹಾಕಿದ್ರಿ.”

ನೀಲಕಂಠಪ್ಪ ಚಾಣ ಕೆಳಗಿಟ್ಟ. ಬೆಲ್ಲ ಉಂಡ ಮೂರೂ, ಸಿಮೆಂಟು ಬಿಗಿಯದೆ, ಮೊದಲ ವಾರದಿಂದಲೇ ಸಡಿಲವಾಗಿದ್ದವು. ಇಂಜಿನ್ನು ಕುಣಿಯಿತು, ಹಿಟ್ಟು ತರಿತರಿಯಾಯಿತು, ಜೋಳ ಹೊತ್ತು ಬರುವವರು ಬೇರೆ ಗಿರಣಿ ನೋಡಿಕೊಂಡರು. ಅವನು ಕೆಟ್ಟ ದೃಷ್ಟಿ ಎಂದು ನಿಂಬೆಹಣ್ಣು ಕಟ್ಟಿದ. ಅದೂ ಸಾಲದೆ, ಹೆಂಡತಿಯ ಕಾಲ್ಗುಣ ಎಂದು ನಾಲ್ಕು ಜನರ ಮುಂದೆ ಅಂದದ್ದೂ ಉಂಟು. ಈಗ ನೋಡಿದರೆ ಸ್ವಂತ ಗಿರಣಿಗೆ ಸಿಹಿ ಉಣಿಸಿ ಕೊಂದ ಮಹಾರಾಯ ತಾನೇ. ಗಟ್ಟಿಯಾಗಿ ನಿಂತ ಒಂದರ ಕೀರ್ತಿಯೂ ತನ್ನದಲ್ಲ. ಅವನಿಗೆ ನಗು ಬಂತು, ಹಿಂದೆಯೇ ತಡೆಯಲಾರದಷ್ಟು ನಾಚಿಕೆಯೂ ಆಯಿತು. ಕಾಲ್ಗುಣದ ಆ ಮಾತಿಗೆ ಅವಳು ಒಂದು ದಿನವೂ ಎದುರಾಡಿರಲಿಲ್ಲ.

“ಸೋತೆ ನೋಡವ್ವಾ” ಎಂದು ದಾವಲಬಿಗೆ ಹೇಳಿ, ಕಬ್ಬಿಣ ಕೊಯ್ಯುವ ಗರಗಸ ತೆಗೆದು ಬೋಲ್ಟನ್ನು ನೆಲದ ಮಟ್ಟಕ್ಕೆ ಕೊಯ್ದ. ಕೆತ್ತಿದ ಕಡೆ ಸಿಮೆಂಟು ಮೆತ್ತಿ ಮೇಲೊಂದು ಹಲಗೆ ಹಾಕಿದ.

ಬಂಡಿಯವರು ಬಂದು ಕೈಕಾಲು ತೊಳೆದು ಸಾಲಾಗಿ ಕೂತರು. ಅವರಲ್ಲಿ ಹಿರಿಯನೊಬ್ಬ ಸುತ್ತಲೂ ನೋಡಿ, “ಯಾರ ಖಾನಾವಳಿರಿ ಇದು?” ಎಂದು ಕೇಳಿದ.

ಮದುವೆಯಲ್ಲಿ ಎಲ್ಲರ ಒತ್ತಾಯಕ್ಕೆ ಒಡಪಿನ ಪ್ರಾಸದಲ್ಲಿ ಸೇರಿಸಿ ಹೇಳಿದ್ದು ಬಿಟ್ಟರೆ, ನೀಲಕಂಠಪ್ಪ ಹೆಂಡತಿಯ ಹೆಸರನ್ನು ಬಾಯಿಗೆ ತಂದವನಲ್ಲ. ಆ ಓಣಿಯ ಯಾವ ಗಂಡಸೂ ತರುತ್ತಿರಲಿಲ್ಲ. ಅವನು ನೀರಿನ ತಂಬಿಗೆ ಎತ್ತಿಕೊಂಡ.

“ಚನ್ನಬಸವ್ವಂದು” ಎಂದ. “ನಾ ನೀರು ಕೊಡಾಂವ.”

ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಿಂತುಹೋಯಿತು.