ದೊರೆಯ ವಂಶ ಹಾಡುವ ಕೈನೋವಾ

ಕೈನೋವಾನ ಗತ್ತು ಕಂಡು, ಇವನೇ ದೊರೆಯೆಂದುಕೊಂಡು ಮೊದಲ ಸಲ ನಾನು ಮಣ್ಣಿಗೆ ಮುಖವಿಟ್ಟು ಅಡ್ಡಬಿದ್ದಿದ್ದೆ. ಸಾಕಷ್ಟು ಹೊತ್ತು ಬಿಟ್ಟು, “ಏಳಪ್ಪಾ, ನಾನು ದೊರೆ ವಂಶ ಹಾಡೋನು ಅಷ್ಟೇ” ಎಂದ. ನಮ್ಮ ಹವಾಯಿಯ ದೊರೆಯ ಅರವತ್ತು ತಲೆಮಾರನ್ನು, ಇಂಥವನಿಗೆ ಇಂಥವನು ಮಗನೆಂದು, ಒಂದು ಹೆಸರೂ ತಪ್ಪದೆ ಹಾಡುತ್ತಾನೆ. ಹಾಡುವ ದಿನ ಗಂಟಲು ಕೆಟ್ಟೀತೆಂದು ಹೆಂಡತಿಯೊಡನೆ ಜಗಳವನ್ನೂ ಕೈಸನ್ನೆಯಲ್ಲೇ ಆಡುತ್ತಾನೆ. ಔತಣದಲ್ಲಿ ಯಾರಾದರೂ ದೊರೆಯ ನೆಂಟನೆಂದರೆ, “ಯಾವ ಅಜ್ಜಿ ಕಡೆಯಿಂದ?” ಎಂದು ಕೇಳಿ ಬಾಗಿಲಾಚೆ ಕೂರಿಸುತ್ತಾನೆ. ನಮ್ಮಂಥ ಸಾಮಾನ್ಯರ ವಂಶವನ್ನು ಅಜ್ಜನಿಂದಾಚೆ ನೆನಪಿಡುವ ಪದ್ಧತಿಯಿಲ್ಲ, ಕೈನೋವಾನೂ ನಮ್ಮವನೇ. ಮೊನ್ನೆ ಅವನ ಒಬ್ಬನೇ ಮಗ ದೋಣಿ ಮಗುಚಿ ಸತ್ತ. “ನೀನು ಹೋದಮೇಲೆ ಅವನ ಹೆಸರು ಹೇಳೋರಿಲ್ಲ ಅಣ್ಣಾ, ಅಷ್ಟು ಹೆಸರಿನ ಮಧ್ಯೆ ಅದನ್ನೂ ಸೇರಿಸಿಬಿಡಬಾರದಾ?” ಎಂದೆ. “ಸೇರಿಸಿದರೆ ಅವನು ದೊರೆ ಮಗ ಆಗ್ತಾನೆ, ನನ್ನ ಮಗ ಆಗಿರಲ್ಲ” ಎಂದ.