ಬರಿಗಾಲಿನ ಮೇಸ್ತ್ರಿ

ಹಿಮ್ಮಡಿ ಒಡೆದ ಎರಡು ಬರಿಗಾಲು. ಜನವರಿಯ ಚಳಿಯಲ್ಲೂ ಮೇಸ್ತ್ರಿ ಚಪ್ಪಲಿ ಬಿಟ್ಟೇ ನನ್ನ ಕಾರು ಹತ್ತುತ್ತಿದ್ದರು. ಅಂಗಾಲನ್ನು ಕಾರಿನ ತಳದ ತಗಡಿಗೆ ಊರಿ, "ಗಾಡಿ ಸುದ್ದಿ ಮೊದಲು ಕಾಲಿಗೆ ಬರುತ್ತೆ, ಹೊರಡಿ ಸಾರ್" ಎನ್ನುತ್ತಿದ್ದರು. ರಿಪೇರಿಯಾದ ಗಾಡಿಯನ್ನು ಮಾಲೀಕ ಅವರೆದುರು ಓಡಿಸಿ ತೋರಿಸದ ಹೊರತು ಕೀ ಒಪ್ಪಿಸುವವರಲ್ಲ.

ದಾವಣಗೆರೆಯಿಂದ ಬಂದು ರಾಜಧಾನಿಯ ಓಖ್ಲಾದಲ್ಲಿ ಗಾಡಿ ರಿಪೇರಿಯ ಶೆಡ್ ಹಾಕಿದ್ದವರು. ನನ್ನದು ಐವತ್ತು ವರ್ಷ ದಾಟಿದ, ಎರಡೇ ಸೀಟಿನ, ಹಗುರವಾದ ಸ್ಪೋರ್ಟ್ಸ್ ಕಾರು; ಸರ್ಕಾರಿ ನೌಕರಿಯ ಶಿಸ್ತಿನ ಬದುಕಿನಲ್ಲಿ ನಾನು ಮಾಡಿದ ಒಂದೇ ಒಂದು ದುಂದು. ಪ್ರತಿ ತಿಂಗಳ ಮೊದಲ ಶನಿವಾರ, ಎಂಟು ಗಂಟೆಗೆ ಸರಿಯಾಗಿ, ಅದನ್ನು ಅವರ ಮುಂದೆ ನಿಲ್ಲಿಸುತ್ತಿದ್ದೆ.

ಗುರುಗ್ರಾಮದಲ್ಲಿ ಕೆಲಸದಲ್ಲಿರುವ ಮಗಳು ಹೊಸ ಸ್ಪೋರ್ಟ್ಸ್ ಕಾರು ಕೊಂಡಳು. ನನ್ನದು ಬ್ರೇಕಿನ ಕೆಲಸಕ್ಕೆಂದು ಶೆಡ್ಡಿನಲ್ಲಿದ್ದ ಎರಡು ವಾರ ಅವಳದನ್ನೇ ಓಡಿಸಿದೆ.

"ಅಪ್ಪಾ, ಟೆನ್ಶನ್ ಮತ್ ಲೋ. ಬ್ರೇಕ್ ಪೂರ್ತಿ ಒತ್ತಿಬಿಡು, ಬಾಕಿ ಗಾಡಿ ನೋಡ್ಕೊಳ್ಳತ್ತೆ" ಎಂದಳು.

ನಿಜವೇ. ಎಷ್ಟು ಒತ್ತಿದರೂ ಚಕ್ರ ಜಾಮ್ ಆಗುತ್ತಿರಲಿಲ್ಲ. ಮೇಸ್ತ್ರಿಗೆ ತೋರಿಸಿದರೆ, "ಇದಕ್ಕೆ ಮೇಸ್ತ್ರಿ ಯಾಕೆ ಸಾರ್? ಕಂಪ್ಯೂಟರ್ ಮಾಸ್ತರು ಸಾಕು" ಎಂದು ನಕ್ಕರು.

ನನ್ನ ಹಳೆಯದು ಸಿದ್ಧವಾದ ಬೆಳಿಗ್ಗೆ ನಾನೂ ಮೇಸ್ತ್ರಿಯೂ ಅದರಲ್ಲಿ ಫರಿದಾಬಾದ್ ಕಡೆ ಹೊರಟೆವು. ಒಂದು ತಿರುವಿನಾಚೆ ಟೆಂಪೊ ಕೆಟ್ಟು ನಿಂತಿತ್ತು. ಚಾಲಕ ನಮಗೆ ಬೆನ್ನು ಹಾಕಿ, ಕುಕ್ಕರಗಾಲಲ್ಲಿ ಕುಳಿತು ಚಕ್ರ ಬಿಚ್ಚುತ್ತಿದ್ದ. ನನ್ನ ಕಾಲು ಮಗಳ ಕಾರಿನ ರೂಢಿಯಲ್ಲೇ ಬ್ರೇಕನ್ನು ತಳಕ್ಕೆ ಒತ್ತಿತು. ಚಕ್ರಗಳು ಜಾಮ್ ಆದವು. ಸ್ಟೀರಿಂಗ್ ತಿರುಗಿಸಿದೆ, ಕಾರು ತಿರುಗಲಿಲ್ಲ. ಆ ಬೆನ್ನಿನತ್ತಲೇ ಜಾರಿತು.

"ಬ್ರೇಕ್ ಬಿಡಿ!"

ಬಿಡುವುದೇ? ಕಾಲು ಇನ್ನಷ್ಟು ಬಿಗಿಯಿತು. ಮೇಸ್ತ್ರಿ ಬಾಗಿ ನನ್ನ ಮೊಣಕಾಲು ಹಿಡಿದು ಮೇಲೆತ್ತಿದರು. ಚಕ್ರ ಮತ್ತೆ ಉರುಳಿತು, ಕಾರು ಸ್ಟೀರಿಂಗಿಗೆ ಮಣಿದು ಪಕ್ಕಕ್ಕೆ ತಿರುಗಿತು. ಅವನ ಅಂಗಿಗೂ ನಮಗೂ ಒಂದು ಗೇಣು.

ಮೇಸ್ತ್ರಿ ಮೊದಲು ಅವನ ಬಳಿ ಹೋಗಿ, "ಮಾಫ್ ಕರನಾ ಭಯ್ಯಾ" ಎಂದರು. ನನಗೆ ಸಲ್ಲಬೇಕಾದ ಬೈಗುಳವನ್ನೆಲ್ಲ ತಲೆತಗ್ಗಿಸಿ ಕೇಳಿಸಿಕೊಂಡರು. ಆಮೇಲೆ ನನ್ನಿಂದ ಕೀ ತೆಗೆದುಕೊಂಡರು.

"ಆ ಕಾರು ನಿಮ್ಮ ತಪ್ಪನ್ನ ಮುಚ್ಚಿ ಹಾಕುತ್ತೆ ಸಾರ್. ಇದು ಮುಚ್ಚಲ್ಲ. ನಾಳೆ ಏಳಕ್ಕೆ ಬನ್ನಿ, ಮೊದಲಿಂದ ಕಲೀರಿ."

ಹತ್ತು ದಿನ, ಓಖ್ಲಾದ ಖಾಲಿ ಗಲ್ಲಿಯಲ್ಲಿ, ಒತ್ತುವುದನ್ನೂ ಬಿಡುವುದನ್ನೂ ಕಲಿಸಿದರು. ಒಮ್ಮೆ ಐದು ನಿಮಿಷ ತಡವಾದದ್ದಕ್ಕೆ, "ಅಚ್ಛಾ, ಆಫೀಸರ್ ಸಾಹೇಬ್ರು ಈಗ ಎದ್ರೋ?" ಎಂದರು. ಅವರ ದನಿ ಎಂದೂ ಅಳುಕಲಿಲ್ಲ. ಹೆದರಿಕೆಯೆಂಬುದೇ ಇಲ್ಲದ ಮನುಷ್ಯ ಎಂದುಕೊಂಡೆ.

ಕಳೆದ ಚಳಿಗಾಲದಲ್ಲಿ ಮೇಸ್ತ್ರಿ ತೀರಿಕೊಂಡರು. ಮಾತನಾಡಿಸಲು ಹೋದಾಗ ಅವರ ಹೆಂಡತಿಗೆ ಆ ಬೆಳಗಿನ ಸಂಗತಿ ಹೇಳಿದೆ. ಅವರಿಗದು ತಿಳಿದಿರಲಿಲ್ಲ.

"ಹಾಗಾದ್ರೆ ಅದೇ ದಿನ ಇರಬೇಕು ಅಣ್ಣಾ" ಎಂದರು. "ಮಧ್ಯಾಹ್ನವೇ ಮನೆಗೆ ಬಂದ್ರು. ರೊಟ್ಟಿ ಮುರಿಯೋಕೂ ಕೈ ನಿಲ್ತಿರಲಿಲ್ಲ, ನಾನೇ ತಿನ್ನಿಸಿದೆ. ಏನಾಯ್ತು ಅಂದ್ರೆ ಹೇಳಲಿಲ್ಲ. 'ನಾನು ಹೆದರಿದ್ದು ಸಾರ್‌ಗೆ ಮಾತ್ರ ಗೊತ್ತಾಗಬಾರದು, ಮತ್ತೆ ಕಾರು ಮುಟ್ಟೋದಿಲ್ಲ ಅವರು' ಅಂದ್ರು, ಅಷ್ಟೆ."